ಶನಿವಾರದ ಆದರ್ಶ ದಂಪತಿ

ವಾರವಿಡೀ ಆಸ್ಪತ್ರೆಯ ಚಾದರಗಳನ್ನು ಒಗೆದು, ಹಬೆಯಲ್ಲಿ ಬೆಂದು ಮನೆಗೆ ಬಂದ ಹೆಂಗಸಿಗೆ ಬೇಕಾಗುವುದು ಕಾಲು ಚಾಚಲು ಒಂದು ಮಂಚ, ಅಷ್ಟೇ. ಲಾಂಡ್ರಿಯಕ್ಕನಿಗೆ ಆ ಭಾಗ್ಯವೂ ಇರಲಿಲ್ಲ. ಶನಿವಾರ ಸಂಜೆ ಅವಳು ಆದರ್ಶ ಪತ್ನಿಯಾಗಬೇಕಿತ್ತು.

ಅವರ ಚರ್ಚಿನಲ್ಲಿ ಮದುವೆಯಾಗುವ ಜೋಡಿಗಳೆಲ್ಲ ಮೊದಲು ಹಿಂದಿನ ಕೋಣೆಯ ತರಗತಿಗೆ ಬರಬೇಕು. ಅಲ್ಲಿ ಪಾಠ ಹೇಳುವವರು ಲಾಂಡ್ರಿಯಕ್ಕ ಮತ್ತು ಅವಳ ಗಂಡ. ಪಾಠ ಹೇಳುವ ಈ ಇಬ್ಬರೂ ಒಪ್ಪಿದರಷ್ಟೇ ಫಾದರ್ ಮದುವೆಗೆ ದಿನ ಕೊಡುತ್ತಿದ್ದರು. ಪಾಠವೆಲ್ಲ ಗಂಡನದೇ ಅನ್ನಿ. ಬಸ್ ಕಂಡಕ್ಟರಾಗಿ ನಿವೃತ್ತನಾದ ಆತನದು ಅರಳು ಹುರಿದಂಥ ಮಾತು. "ದಾಂಪತ್ಯ ಅಂದ್ರೆ ಏನು? ನಮ್ಮನ್ನೇ ನೋಡಿ!" ಎಂದು ಆತ ಕೈ ಚಾಚಿದಾಗ ಅವಳು ಎದ್ದು ನಿಂತು ನಗಬೇಕು, ನಕ್ಕು ಕೂರಬೇಕು.

ಮನೆಯಲ್ಲಿ ಇವರಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. "ಊಟ ಇಟ್ಟಿದೆ" ಎಂದು ಅವಳು ಗೋಡೆಗೆ ಹೇಳುವಳು. "ಬರೋದು ತಡ ಆಗುತ್ತೆ" ಎಂದು ಆತ ಚಪ್ಪಲಿಗೆ ಹೇಳುವನು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಮುಗಿಯಲೇ ಇಲ್ಲ, ಏಕೆಂದರೆ ಆಡಬೇಕಾದ ಹೊತ್ತಿನಲ್ಲಿ ಅವಳು ಜಗಳ ಆಡಲೇ ಇಲ್ಲ. ಆರು ವರ್ಷದ ಹಿಂದೆ ಮಗಳು ಒಬ್ಬ ಹುಡುಗನನ್ನು ಕರೆತಂದು, "ಇವನು ನನ್ನ ಪಾರ್ಟ್ನರ್, ಒಟ್ಟಿಗೇ ಇದ್ದೀವಿ" ಅಂದಿದ್ದಳು. "ನಮ್ಮ ಧರ್ಮದಲ್ಲಿ ಇದಕ್ಕೆ ಹಾದರ ಅಂತಾರೆ" ಎಂದು ಅಪ್ಪ ಬಾಗಿಲು ತೋರಿಸಿದ. ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡಿದಳು. ಹೋದ ಮಗಳು ಮತ್ತೆ ಬರಲಿಲ್ಲ.

ಈ ವರ್ಷ ಬಂದ ಹೊಸ ಫಾದರ್, "ಈಗಿನವರ ಮಾತಲ್ಲೇ ಪಾಠ ಮಾಡಿ, ಬಯ್ಯಬೇಡಿ" ಎಂದಿದ್ದರು. ಹಾಗಾಗಿ ಆ ಶನಿವಾರ ಗಂಡ ಬೋರ್ಡಿನ ಮೇಲೆ ಕ್ರಷ್, ಡೇಟಿಂಗ್, ಲಿವ್‌-ಇನ್, ಪಾರ್ಟ್ನರ್, ಎಕ್ಸ್ ಎಂದೆಲ್ಲ ಬರೆದು, ಕಹಿ ಔಷಧ ಕುಡಿದವನ ಮುಖ ಮಾಡಿದ.

"ನಮ್ಮ ಕಾಲದಲ್ಲಿ ಇಷ್ಟೆಲ್ಲ ಬೇಕಿರಲಿಲ್ಲ. ಮದುವೆ ಬಿಟ್ರೆ ಉಳಿದಿದ್ದೆಲ್ಲ ಪಾಪ. ಎಲ್ಲಾ ಸ್ಟಾಪಿಗೂ ಒಂದೇ ಟಿಕೆಟ್ಟು! ಇಲ್ಲಿ ಯಾರಾದ್ರೂ ಲಿವ್‌-ಇನ್ ಇದ್ದೀರೇನು?"

ಹಿಂದಿನ ಸಾಲಿನಲ್ಲಿದ್ದ ಒಬ್ಬ ನರ್ಸ್ ಹುಡುಗಿ ಕೈ ಎತ್ತಿದಳು. "ನಾವಿದ್ದೀವಿ ಅಂಕಲ್. ಮೊದಲು ಬಾಡಿಗೆ ಕಟ್ಟೋಕಾಗದೆ ಒಟ್ಟಿಗೆ ಸೇರಿದ್ವಿ. ಆಮೇಲೆ ಬಿಟ್ಟಿರೋಕೆ ಆಗ್ಲಿಲ್ಲ. ಅದಕ್ಕೇ ಮದುವೆ ಆಗೋಣ ಅಂತ ಬಂದ್ವಿ."

ಅಲ್ಲಿ ಕೂತ ಅರ್ಧ ಜನರ ಕಥೆ ಅದೇ. ನಿಜ ಹೇಳುವ ದಡ್ಡತನ ಮಾತ್ರ ಅವಳೊಬ್ಬಳದು.

"ಹಾಗಾದ್ರೆ ಎದ್ದು ಹೋಗಿ" ಎಂದ ಗಂಡ. "ನಿಮಗೆ ನನ್ನ ಒಪ್ಪಿಗೆ ಇಲ್ಲ. ಮದುವೆ ಅಂದ್ರೆ ಹುಡುಗಾಟ ಅಲ್ಲ. ನಮ್ಮನ್ನೇ ನೋಡಿ!"

ಹುಡುಗಿ ಲಾಂಡ್ರಿಯಕ್ಕನ ಮುಖ ನೋಡಿದಳು. ಅಭ್ಯಾಸಬಲದಿಂದ ಲಾಂಡ್ರಿಯಕ್ಕ ಎದ್ದು ನಿಂತಳು. ನಗು ಬರಲಿಲ್ಲ. ಸಾಕಾಗಿಹೋಗಿತ್ತು ಅವಳಿಗೆ, ಕಾಲಿಗೂ ಮನಸ್ಸಿಗೂ.

"ರೀ, ಅವರ ಸಂಬಂಧಕ್ಕೆ ಬೋರ್ಡ್ ಮೇಲೆ ಒಂದು ಹೆಸರು ಬರ್ದಿದ್ದೀರಿ. ಆರು ವರ್ಷದಿಂದ ನಾವು ಒಂದೇ ಮನೇಲಿ ಮಾತಿಲ್ಲದೆ ಬಿದ್ದಿದ್ದೀವಲ್ಲ, ಅದಕ್ಕೆ ಏನಂತಾರೆ?"

ಬಸ್ಸಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ್ದ ಕಂಡಕ್ಟರು ಬೋರ್ಡಿನ ಕಡೆ ತಿರುಗಿ ನಿಂತ.

"ಕೂತ್ಕೊಳ್ಳಮ್ಮ" ಎಂದಳು ಲಾಂಡ್ರಿಯಕ್ಕ ಆ ಹುಡುಗಿಗೆ. "ನನ್ನ ಒಪ್ಪಿಗೆ ಇದೆ."

ಗಂಡ ಯಾರ ಮುಖವನ್ನೂ ನೋಡದೆ, "ನನ್ನದೂ ಇರಲಿ" ಎಂದ.

ಎಲ್ಲರೂ ಹೋದ ಮೇಲೆ ಇಬ್ಬರೂ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದರು. ಆತ ಈ ಸಲ ಚಪ್ಪಲಿಗಲ್ಲ, ಅವಳಿಗೇ ಹೇಳಿದ: "ಮಗಳಿಗೆ ನಾನು ಫೋನ್ ಮಾಡಿದ್ರೆ ಎತ್ತುತ್ತಾಳಾ? ನಂಬರ್ ನಿನ್ನ ಹತ್ರ ಇರುತ್ತಲ್ಲ."

ತಾಯಿ ಮಗಳು ತನ್ನ ಕಣ್ಣು ತಪ್ಪಿಸಿ ಮಾತಾಡಿಕೊಳ್ಳುತ್ತಾರೆಂದು ನಂಬಿಯೇ ಆತ ಇಷ್ಟು ವರ್ಷ ನೆಮ್ಮದಿಯಿಂದ ನಿದ್ದೆ ಮಾಡಿದ್ದ.

"ನಂಬರ್ ಬದಲಾಯ್ಸಿದ್ದಾಳೆ ರೀ" ಎಂದಳು ಅವಳು. "ಹೊಸದು ನನಗೂ ಕೊಟ್ಟಿಲ್ಲ. ಅವತ್ತು ನಾನೂ ಬಾಯಿ ಬಿಡಲಿಲ್ಲವಲ್ಲ."