ಸುಣ್ಣದ ಡಬ್ಬಿಯಲ್ಲಿ ಒಯ್ದ ಔಷಧ

ಮೊಮ್ಮಕ್ಕಳೇ, ಇದನ್ನು ಬರೆಯುವಾಗಲೂ ಎದೆ ಡವಡವ ಹೊಡೆದುಕೊಳ್ಳುತ್ತಿದೆ. ಅಕ್ಷರ ಸೊಟ್ಟಗಾದರೆ ನಗಬೇಡಿ.

ನನ್ನ ಮಗಳಿಗೆ, ಅಂದರೆ ನಿಮ್ಮ ಅವ್ವನಿಗೆ, ಏಳು ತಿಂಗಳಿಗೇ ಬೇನೆ ಶುರುವಾಯಿತು. ಹಳಿಯಾಳದಿಂದ ಹುಬ್ಬಳ್ಳಿಗೆ ಒಯ್ದು, ಆಪರೇಷನ್ ಮಾಡಿ ನಿಮ್ಮ ಚಿಕ್ಕ ತಂಗಿಯನ್ನು ತೆಗೆದರು. ಹೊಲಿಗೆ ಬಿದ್ದ ತಾಯಿ ಮೇಲಿನ ವಾರ್ಡಿನಿಂದ ಏಳುವಂತಿರಲಿಲ್ಲ. ಹಾಗಾಗಿ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸಿನ ಹತ್ತಿರ ನನ್ನನ್ನು ಬಿಟ್ಟರು.

ಅಂಗೈಯಷ್ಟು ಕೂಸು. ಬಾಯೊಳಗೆ ಉಸಿರಾಟದ ನಳಿಗೆ. ಮುಖ ಕಿವುಚಿ, ಮುಷ್ಟಿ ಬಿಗಿದು ಅಳುತ್ತಿತ್ತು, ಆದರೆ ದನಿಯೇ ಇಲ್ಲ! ನಳಿಗೆ ಇರುವ ತನಕ ದನಿ ಹೊರಡುವುದಿಲ್ಲವಂತೆ. ನನಗೆ ತಡೆಯಲಾಗಲಿಲ್ಲ.

ನಮ್ಮ ಊರಲ್ಲಿ ಕೂಸು ರಚ್ಚೆ ಹಿಡಿದರೆ ಜಾಯಿಕಾಯಿ ತೇಯ್ದು ನಾಲಿಗೆಗೆ ಸವರುತ್ತಿದ್ದೆವು. ನಿಮಗೂ ಸವರಿದ್ದೇನೆ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಕಟ್ಟೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದೆ. ಸುಣ್ಣದ ಡಬ್ಬಿ ತೊಳೆದು ಅದರಲ್ಲಿ ತುಂಬಿಕೊಂಡು, ಸೆರಗಿನ ಗಂಟಿನಲ್ಲಿಟ್ಟು ಒಳಗೆ ಹೋದೆ. ಕೇಳಲು ನಾಚಿಕೆ; ಓದಿದವರ ಮುಂದೆ ನಾನು ಬಾಯಿ ಬಿಟ್ಟವಳೇ ಅಲ್ಲ. ಸಿಸ್ಟರ್ ಅತ್ತ ತಿರುಗಿದ್ದೇ ತಡ, ಬೆರಳಿಗೆ ಹಚ್ಚಿಕೊಂಡು ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿದೆ.

“ಯಮ್ಮಾ! ಬೆರಳಾಗ ಏನೈತಿ?” ಸಿಸ್ಟರ್ ನನ್ನ ಮುಂಗೈ ಹಿಡಿದೇಬಿಟ್ಟಳು.

“ಜಾಯಿಕಾಯಿ ರೀ... ನಿದ್ದಿ ಬರ್ಲಿ ಅಂತ.”

ಪಕ್ಕದ ಇನ್ನೊಬ್ಬ ಸಿಸ್ಟರ್ ನಕ್ಕಳು: “ನಮ್ಮವ್ವನೂ ನಂಗ ಅದನ್ನಽ ನೆಕ್ಕಿಸ್ಯಾಳ. ಅದಕ್ಕಽ ಡ್ಯೂಟಿಯಾಗ ತೂಕಡಿಸ್ತೇನಿ.”

ಕೈ ಹಿಡಿದವಳು ನಗಲಿಲ್ಲ. “ಇಲ್ನೋಡ್ರಿ, ನೋವು ಕಡಿಮಿ ಆಗಾಕ, ಕೂಸು ಶಾಂತ ಇರಾಕ ಈ ಮಷಿನ್ನಿನಾಗಿಂದ ಔಷಧ ಹೊಂಟೈತಿ. ಹೆಚ್ಚಾದ್ರ ಉಸರಽ ನಿಲ್ತೈತಿ. ಅದರ ಮ್ಯಾಲೆ ನಿಮ್ದೂ ಬಿತ್ತಂದ್ರ?”

ಡಬ್ಬಿ ಕಸದ ಬುಟ್ಟಿಗೆ ಹಾಕಿ, ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು ಬಂದೆ.

ಅಂದೇ ಔಷಧ ಇಳಿಸಿ ನಳಿಗೆ ತೆಗೆಯುವ ದಿನ. ಕೂಸು ತಳಮಳಿಸಿದರೆ ಔಷಧ ಮತ್ತೆ ಏರಿಸಬೇಕು, ನಳಿಗೆ ಹಾಗೆಯೇ ಉಳಿಯುತ್ತದೆ. ನನ್ನ ಕೈ ಹಿಡಿದಿದ್ದ ಸಿಸ್ಟರ್ ಕೂಸಿನ ಹುಬ್ಬು, ಮುಷ್ಟಿ, ಎದೆಬಡಿತ ನೋಡಿ ನೋಡಿ ಹಾಳೆಯ ಮೇಲೆ ಗುರುತು ಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೂಸು ಕಾಲು ಝಾಡಿಸತೊಡಗಿತು.

“ಬರ್ರಿ ಯಮ್ಮಾ, ಒಂದ ಕೈ ತಲಿಗೆ, ಒಂದ ಕೈ ಕಾಲಿಗೆ. ಸವರಬ್ಯಾಡ್ರಿ, ತಟ್ಟಬ್ಯಾಡ್ರಿ. ಬರೇ ಹಿಡೀರಿ.”

ನನ್ನನ್ನು ಕರೆದಳು, ನನ್ನನ್ನೇ! ತಟ್ಟದೆ ಕೂಸನ್ನು ಹಿಡಿಯುವುದು ಎಷ್ಟು ಕಷ್ಟ ಗೊತ್ತೇ? ಬೆರಳುಗಳು ತಾವಾಗಿಯೇ ಏಳುತ್ತಿದ್ದವು. ಉಸಿರು ಬಿಗಿಹಿಡಿದು ನಿಂತೆ. ಕಾಲು ಮಡಚಿಕೊಂಡಿತು. ಹುಬ್ಬು ಸಡಿಲವಾಯಿತು. ಕೊನೆಗೆ ಮುಷ್ಟಿಯೂ ಬಿಚ್ಚಿತು!

ಡಾಕ್ಟರು ಬಂದು ನಳಿಗೆ ಎಳೆದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಬೆಕ್ಕಿನ ಮರಿಯಂಥ ದನಿ!

ನಾನು ಓಡಿದೆ. ಮೆಟ್ಟಿಲು ಹತ್ತುತ್ತಲೇ, “ಅಳಾಕತ್ತ್ಯಾಳ! ಅಳಾಕತ್ತ್ಯಾಳ!” ಎಂದು ಕೂಗಿದೆ.

ಎದುರು ಬಂದ ಮುದುಕರೊಬ್ಬರು, “ಅತ್ರ ಹಿಂಗ ಕುಣೀತೀಯಲ್ಲಬೇ, ತಲಿ ಕೆಟ್ಟೈತೇನ?” ಎಂದರು.

“ಹೂನ್ರಿ, ಕೆಟ್ಟೈತಿ!” ಎಂದು ದಾಟಿದೆ.

ಮಗಳು ದಿಂಬಿನಿಂದ ತಲೆಯೆತ್ತಿ, “ಹೆಂಗ ಅಳ್ತಾಳಬೇ?” ಎಂದಳು.

ವಾರ್ಡಿನ ತುಂಬ ಬಾಣಂತಿಯರು, ಅವರ ಅತ್ತೆಯರು, ಗಂಡಂದಿರು. ಅವರೆಲ್ಲರ ಮುಂದೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿ ತೆರೆದು, ನಿಮ್ಮ ತಂಗಿಯ ಹಾಗೆಯೇ ಅತ್ತು ತೋರಿಸಿದೆ.