ಕಾಕು ತುಂಬದ ಉಡಿ

ಮೊನ್ನೆ ಮೊಮ್ಮಗಳ ಬ್ಯಾಗ್ ತುಂಬಿಸುವಾಗ ಕಪಾಟಿನ ತಳದಲ್ಲಿ ಒಂದು ಗುಳೇದಗುಡ್ಡದ ಖಣ, ಅದೇ ಕುಪ್ಪಸದ ಬಟ್ಟೆ, ಸಿಕ್ಕಿತು. ಬಿಡಿಸಿದರೆ ಒಣಕೊಬ್ಬರಿ, ಅರಿಶಿನದ ವಾಸನೆ. ಕಾಲಿಗೆ, ಕಣ್ಣಿಗೆ ವಯಸ್ಸಾದರೂ ಮೂಗಿಗೆ ಆಗುವುದಿಲ್ಲ ನೋಡಿ. ನವಿ ಮುಂಬೈಯ ಕೋಪರಖೈರಣೆಯ ನಮ್ಮ ಹಳೆಯ ಬಿಲ್ಡಿಂಗು, ಎದುರು ಬಾಗಿಲಿನ ಕಾಕು, ಎಲ್ಲ ಒಟ್ಟಿಗೇ ಬಂದು ನಿಂತವು...

ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಿದ್ದ ಅವರು ಬಾಗಲಕೋಟೆ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರ ಕಡೆಯಿಂದ ಪಕ್ಕದ ರಬಾಳೆಯ ಕಂಪನಿಗಳಿಗೆ ಕೆಲಸಕ್ಕೆ ಬರುವ ಹುಡುಗಿಯರನ್ನು ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದರು. ಬಾಡಿಗೆ ಅಂತ ಹೆಸರು, ಅಷ್ಟೇ. ತಲೆಗೆ ಎಣ್ಣೆ ಹಚ್ಚುವುದು, ಜ್ವರ ಬಂದರೆ ಗಂಜಿ ಕಾಯಿಸುವುದು, ತಡವಾಗಿ ಬಂದರೆ ಬೈಯುವುದು, ಎಲ್ಲ ಅದರಲ್ಲೇ ಸೇರಿತ್ತು.

ಯಾವ ಹುಡುಗಿ ಮದುವೆಯಾಗಿ ಹೊರಟರೂ ತವರಿನ ಹಾಗೆ ಉಡಿ ತುಂಬಿಯೇ ಕಳಿಸಬೇಕು. ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಖಣ ಎಲ್ಲ ಕಾಕುವೇ ಮೊರದಲ್ಲಿ ಜೋಡಿಸುತ್ತಿದ್ದರು. ಹುಡುಗಿಯ ಸೆರಗಿಗೆ ಹಾಕಲು ಮಾತ್ರ ನನ್ನನ್ನು ಕರೆಯುತ್ತಿದ್ದರು. ಆಗ ನಾನು ಮುತ್ತೈದೆ. ವಿಧವೆಯ ಕೈ ಆಗದು ಅಂತ ತಾವು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಪುಣ್ಯವೆಲ್ಲ ಪುಕ್ಕಟೆ ನನಗೆ!

ಒಬ್ಬಳು ಮಾತ್ರ ಹಟ ಹಿಡಿದಳು. ಮರಾಠಿ ಹುಡುಗನನ್ನು ಮೆಚ್ಚಿದ್ದಕ್ಕೆ ಅವಳ ಮನೆಯವರು ಬಾಗಿಲು ಹಾಕಿದ್ದರು. ರಿಜಿಸ್ಟರ್ ಮದುವೆ ಮುಗಿಸಿ ನಾಸಿಕಕ್ಕೆ ಹೊರಟವಳು ಕಾಕುವಿನ ಮುಂದೆಯೇ ಸೆರಗೊಡ್ಡಿ ನಿಂತಳು.

"ನೀವೇ ತುಂಬ್ರಿ ಕಾಕು. ನಿಮ್ಮನ್ನ ಬಿಟ್ರ ನನಗ ಯಾರದಾರ?"

"ಹುಚ್ಚಿ, ನನ್ನ ಕೈ ಬ್ಯಾಡವಾ. ನಿನ್ನ ಸಂಸಾರ ಹಸನಾಗಿರ್ಲಿ."

"ಹಾಕಿ ಮಾರಾಯ್ರೇ," ಅಂದೆ ನಾನು. "ಅಕ್ಕಿಗೆ ಗೊತ್ತುಂಟಾ ಯಾರ ಕೈ ಅಂತ?"

"ಅಕ್ಕಿಗೆ ಗೊತ್ತಿಲ್ಲ. ನನಗ ಗೊತ್ತೈತಲ್ಲ."

ಕಾಕು ಒಂದು ಹಿಡಿ ಅಕ್ಕಿ ತೆಗೆದದ್ದು ನಿಜ. ಕೈ ಅರ್ಧಕ್ಕೇ ನಿಂತಿತು, ಮತ್ತೆ ಮೊರಕ್ಕೇ ಹೋಯಿತು. ಕೆಳಗೆ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದ. ಕಾಕು ಅಡುಗೆಮನೆ ಬಾಗಿಲಿಗೆ ಸರಿದರು, ಕೊನೆಗೆ ನಾನೇ ತುಂಬಿದೆ. ಹುಡುಗಿ ನನ್ನ ಕಾಲಿಗೆ ಬಿದ್ದಳು, ಕಣ್ಣು ಮಾತ್ರ ಅಡುಗೆಮನೆ ಬಾಗಿಲಲ್ಲಿ...

ನಾಗರಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಕಾಕು ಪ್ರತಿ ಸಲವೂ ಶೇಂಗಾ ಉಂಡಿ ಕಟ್ಟಿ ಕಾದರು. ಉಳಿದವರು ಬಂದರು. ಅವಳು ಬರಲಿಲ್ಲ, ಫೋನೂ ಇಲ್ಲ. ಅವಳಿಗೆಂದು ತಂದ ಖಣವನ್ನು ಕಾಕು ಕೊಬ್ಬರಿಯ ಜೊತೆ ಕಟ್ಟಿ ಎತ್ತಿಟ್ಟರು.

"ಅಕ್ಕಿ ಕೈಯಾಗಽ ಇತ್ತು. ಹಾಕಿದ್ರ ಬರ್ತಿದ್ಲೇನೋ," ಅಂದರು ಒಮ್ಮೆ.

ಕಾಕು ತೀರಿಹೋದ ಮೇಲೆ ಆ ಖಣ ನನ್ನ ಕಪಾಟಿಗೆ ಬಂತು.

ನಿನ್ನೆ ಮೊಮ್ಮಗಳು ಕೆಲಸಕ್ಕೆಂದು ಪುಣೆಗೆ ಹೊರಟಳು. ನಮ್ಮ ಯಜಮಾನರು ಹೋದ ಮೇಲೆ ನಾನೂ ಈಗ ಅಡುಗೆಮನೆ ಬಾಗಿಲಲ್ಲಿ ನಿಲ್ಲಬೇಕಾದವಳೇ. ಆದರೆ ಸೊಸೆಯನ್ನು ಕರೆಯಲಿಲ್ಲ. ನಾನೇ ಮೊರ ತಂದೆ.

"ದುಪಟ್ಟಾ ಹಿಡಿ."

"ಯೇ ಕ್ಯಾ ಹೈ, ಅಜ್ಜಿ?"

"ಬಾಯಿ ಮುಚ್ಚಿ ಹಿಡಿ ಮಾರಾಯ್ತಿ."

ಮೊದಲು ಕಾಕುವಿನ ಖಣ ಇಟ್ಟೆ. ಆಮೇಲೆ ಅಕ್ಕಿ. ಕೈ ಅರ್ಧಕ್ಕೆ ನಿಲ್ಲಲಿಲ್ಲ. ಹಾಕಿ ಮುಗಿಸಿ, "ನೋಡಿದ್ರಾ ಕಾಕು?" ಅನ್ನುವ ಹಾಗೆ ಅಡುಗೆಮನೆ ಬಾಗಿಲತ್ತ ತಿರುಗಿದೆ...

ಅಲ್ಲಿ ಯಾರೂ ಇರಲಿಲ್ಲ.