ಕೆಂಪು ಗುಂಡಿಯ ಅಂಗಿ

ಹೊಲ ಅಳೆಯುವ ಗುಮಾಸ್ತನಿಗೆ ನಮ್ಮೂರಿನಲ್ಲಿ ಟೇಪಣ್ಣ ಎಂದೇ ಹೆಸರು. ಇಪ್ಪತ್ತು ವರ್ಷ ಅದೇ ಟೇಪು ಹಿಡಿದು ಊರೆಲ್ಲ ಅಳೆದ. ಯಾರ ಮನೆಯಲ್ಲಿ ಚಹಾ ಕುಡಿದರೂ ಲೋಟ ತಾನೇ ತೊಳೆದಿಡುತ್ತಿದ್ದ. ಒಳ್ಳೆಯವನು ಎನ್ನುತ್ತಿದ್ದರು. ನಾನೂ ಹಾಗೇ ಅಂದಿದ್ದೆ.

ಹೋದ ವರ್ಷ ಆಲಿಕಲ್ಲು ಬಿದ್ದು ನಮ್ಮ ಎರಡು ಎಕರೆ ಎಲೆಕೋಸು ಅರ್ಧ ಗಂಟೆಯಲ್ಲಿ ಚಿಂದಿಯಾಯಿತು. ಸರ್ಕಾರ ಪರಿಹಾರ ಕೊಡುತ್ತೇನೆ ಎಂದಿತು. ಹಾಳಾದ ಬೆಳೆಯ ನಡುವೆ ರೈತ ನಿಂತಿರುವ ಫೋಟೋ ಬೇಕು, ಅದು ನಿಯಮ. ತೆಗೆಯುವವನು ಟೇಪಣ್ಣ.

"ಅಣ್ಣಾ, ಸ್ವಲ್ಪ ಹಿಂದೆ ಹೋಗಿ. ಹಾಳಾಗಿದ್ದೆಲ್ಲಾ ಕಾಣ್ಬೇಕು."

"ನಗ್ಬೇಕೇನಯ್ಯಾ?" ಎಂದರು ನಮ್ಮ ಯಜಮಾನರು.

"ನಕ್ರೆ ದುಡ್ಡು ಕಮ್ಮಿ ಬರುತ್ತೆ."

ಇಬ್ಬರೂ ನಕ್ಕರು. ಬದುವಿನ ಮೇಲೆ ನಿಂತಿದ್ದ ನಾನೂ ನಕ್ಕೆ.

ಎರಡು ತಿಂಗಳಿಗೆ ಪಟ್ಟಿ ಬಂತು. ನಮ್ಮ ಹೆಸರಿನ ಮುಂದೆ 'ನಷ್ಟವಿಲ್ಲ' ಎಂದಿತ್ತು. ಯಜಮಾನರು ಕಚೇರಿಗೆ ಹೋಗಿ ಕೇಳಿದರು. ಸಾಲಿನಲ್ಲಿ ಮೂವತ್ತು ಜನ ಇದ್ದರು.

"ನಿಮ್ಮ ಹೊಲಕ್ಕೆ ಆಲಿಕಲ್ಲೇ ಬಿದ್ದಿಲ್ಲ. ಸುಳ್ಳು ಹೇಳಿ ದುಡ್ಡು ತಿನ್ನೋಕೆ ನಾಚಿಕೆ ಆಗಲ್ವಾ?" ಎಂದ ಟೇಪಣ್ಣ, ಎಲ್ಲರಿಗೂ ಕೇಳುವ ಹಾಗೆ.

ಜನ ನಕ್ಕರಂತೆ. ಮನೆಗೆ ಬಂದ ಯಜಮಾನರು ಚಪ್ಪಲಿಯನ್ನೂ ಬಿಚ್ಚಲಿಲ್ಲ. "ನಾನು ಸುಳ್ಳುಗಾರನೇನೇ?" ಎಂದು ಒಂದೇ ಸಲ ಕೇಳಿದರು. ಒಂಬತ್ತನೇ ದಿನ ಅವರ ಎದೆಬಡಿತ ನಿಂತಿತು. ಹೆಣ ಎತ್ತುವಾಗಲೂ ಯಾರೋ ಹಿಂದೆ ಪಿಸುಗುಟ್ಟಿದರು, ಸುಳ್ಳು ಅರ್ಜಿ ಹಾಕಿದವನಂತೆ. ಆ ಮಾತು ಅವರ ಮೇಲಿಂದ ಕಿತ್ತು ಹಾಕುವವರೆಗೆ ಅಳಬಾರದು ಎಂದುಕೊಂಡೆ.

ಮರಣದ ಪ್ರಮಾಣಪತ್ರ ತರಲು ಕಚೇರಿಗೆ ಹೋದೆ. ತಕರಾರು ಇದ್ದವರು ಹೇಳಲಿ ಎಂದು ಪರಿಹಾರ ಸಿಕ್ಕವರ ಫೋಟೋಗಳನ್ನು ಗೋಡೆಗೆ ಅಂಟಿಸಿದ್ದರು. ಟೇಪಣ್ಣನ ಭಾವಮೈದುನನ ಹೆಸರಿನ ಕೆಳಗಿನ ಫೋಟೋದಲ್ಲಿ ಮನುಷ್ಯನಿಗೆ ತಲೆ ಇರಲಿಲ್ಲ. ಬಿಳಿ ಅಂಗಿ. ಮೂರನೇ ಗುಂಡಿ ಕೆಂಪು. ಬಿಳಿ ಗುಂಡಿ ಸಿಗದೆ ಮಗಳ ಹಳೆಯ ಫ್ರಾಕಿನಿಂದ ಕಿತ್ತು ಯಜಮಾನರ ಅಂಗಿಗೆ ನಾನೇ ಹೊಲಿದದ್ದು.

ಆ ಭಾವಮೈದುನನ ಹೊಲದಲ್ಲಿ ಒಂದು ಎಲೆಯೂ ಹರಿದಿರಲಿಲ್ಲ. ಒಂದೇ ಫೋಟೋವನ್ನು ಎರಡು ಅರ್ಜಿಗೆ ಹಾಕುವಂತಿಲ್ಲ. ಅದಕ್ಕೇ ನಮಗೆ ನಷ್ಟವಿಲ್ಲ. ಟೇಪಣ್ಣ ತಲೆ ಕತ್ತರಿಸಿದ್ದ, ಗುಂಡಿ ಕತ್ತರಿಸಲು ಮರೆತಿದ್ದ.

ನಾನು ಕೂಗಾಡಲಿಲ್ಲ. ದೊಡ್ಡ ಅಧಿಕಾರಿ ಬರುವ ದಿನ ಆ ಅಂಗಿಯನ್ನೇ ತೊಟ್ಟು ಹೋಗಿ ಫೋಟೋದ ಪಕ್ಕ ನಿಂತೆ.

"ಯಾರದಮ್ಮಾ ಈ ಅಂಗಿ?" ಎಂದರು ಅಧಿಕಾರಿ.

"ಇವನು ಸುಳ್ಳುಗಾರ ಅಂದ್ನಲ್ಲ, ನಮ್ಮ ಯಜಮಾನರು, ಅವರ್ದು. ಈ ಗುಂಡಿ ನೋಡಿ, ಆ ಗುಂಡಿ ನೋಡಿ."

ಟೇಪಣ್ಣನ ಮುಖ ಸುಣ್ಣವಾಯಿತು. ಅಂದೇ ನನ್ನಿಂದ ದೂರು ಬರೆಸಿಕೊಂಡು, ಅವನನ್ನು ಕೆಲಸದಿಂದ ದೂರ ಇಟ್ಟು ವಿಚಾರಣೆ ಶುರು ಮಾಡಿದರು.

ವಾರಕ್ಕೆ ಮನೆ ಬಾಗಿಲಿಗೆ ಬಂದ. "ಅಕ್ಕಾ, ತಪ್ಪಾಯ್ತು. ದೂರು ವಾಪಸ್ ತಗೊಳ್ಳಿ. ನನಗೂ ಮಕ್ಕಳಿದ್ದಾರೆ."

"ಅದೇ ಸಾಲಿನ ಮುಂದೆ ನಿಂತು, ಅದೇ ಗಂಟಲಲ್ಲಿ ಹೇಳು, ಸುಳ್ಳುಗಾರ ನಾನು ಅಂತ."

ಸೋಮವಾರ ಬೆಳಗ್ಗೆ ಹತ್ತಕ್ಕೆ, ಸಾಲು ತುಂಬಿದಾಗ, ಹೇಳಿದ. ಹಿಂದಿನವರಿಗೆ ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಹೇಳಿದ. ಈ ಸಲ ಯಾರೂ ನಗಲಿಲ್ಲ.

ಮೆಟ್ಟಿಲಿಳಿದು ನನ್ನ ಹಿಂದೆ ಓಡಿ ಬಂದ. "ಈಗ ವಾಪಸ್ ತಗೋತೀರಲ್ವಾ ಅಕ್ಕಾ?"

"ತಗೋತೀನಿ ಅಂತ ನಾನ್ಯಾವಾಗ ಹೇಳ್ದೆ?"

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ವಿಚಾರಣೆಗೆಂದು ಅಂಗಿಗೆ ಇಸ್ತ್ರಿ ಮಾಡಿಟ್ಟೆ.